ವಿಂಡೋಸ್ 11 ಹಾಕಿದ ಮೇಲೆ ಚಾರ್ಜ್ ಎರಡೇ ಗಂಟೆ: ಬ್ಯಾಟರಿ ಬದಲಿಸಬೇಕಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಪಿಯು ಉಪನ್ಯಾಸಕಿ. ವಾರದಲ್ಲಿ ಎರಡು ದಿನ ಪಿಎಚ್.ಡಿ. ಕೆಲಸಕ್ಕೆ ಮಾನಸಗಂಗೋತ್ರಿಗೆ ರೈಲಿನಲ್ಲಿ ಬಂದು ಹೋಗುತ್ತೇನೆ. ನನ್ನ ಲ್ಯಾಪ್‌ಟಾಪ್ 2021ರಲ್ಲಿ ಕೊಂಡಿದ್ದು. ಮೊನ್ನೆ ಮೊನ್ನೆಯವರೆಗೂ ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕೂವರೆ ಗಂಟೆ ಬರುತ್ತಿತ್ತು. ಮೂರು ವಾರದ ಹಿಂದೆ ಅಕ್ಕನ ಮಗ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಿಕೊಟ್ಟ. ಫೈಲ್‌ಗಳೆಲ್ಲ ಹಾಗೇ ಇವೆ, ಆದರೆ ಅವತ್ತಿನಿಂದ ಚಾರ್ಜ್ ಎರಡು ಗಂಟೆಗೆ ಖಾಲಿ. ರಾತ್ರಿ ಫುಲ್ ಮಾಡಿ, ಮುಚ್ಚಿ ಬ್ಯಾಗಿಗೆ ಹಾಕಿದರೆ ಬೆಳಿಗ್ಗೆ ಆನ್ ಆಗುವುದೇ ಇಲ್ಲ. ಒಂದು ದಿನ ಬ್ಯಾಗಿನೊಳಗೆ ಕೈ ಹಾಕಿದರೆ ಲ್ಯಾಪ್‌ಟಾಪ್ ಬಿಸಿಯಾಗಿತ್ತು, ಹೆದರಿಕೆಯಾಯಿತು. ಅಂಗಡಿಯವರು ‘ಬ್ಯಾಟರಿ ಹೋಗಿದೆ, 3,800 ರೂಪಾಯಿ ಆಗುತ್ತೆ’ ಅಂದರು. ಅಕ್ಕನ ಮಗ ‘ಚಿಕ್ಕಮ್ಮ, ವಿಂಡೋಸ್ 11 ಬ್ಯಾಟರಿ ತಿನ್ನುತ್ತೆ, ವಾಪಸ್ 10ಕ್ಕೆ ಹೋಗೋಣ’ ಅನ್ನುತ್ತಾನೆ. ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಎಲ್ಲ ನಡೆಯಬೇಕು. ಹೊಸ ವಿಂಡೋಸ್ ಬಂದ ಮೇಲೆ ಬ್ರೈಟ್‌ನೆಸ್ ಕೀ ಕೂಡ ಕೆಲಸ ಮಾಡುತ್ತಿಲ್ಲ, ಅದು ಹಾಗಿರಲಿ. ಯಾರ ಮಾತು ಕೇಳಲಿ? ಇನ್ನೊಂದು, ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಿದರೆ ಬ್ಯಾಟರಿ ಹಾಳಾಗುತ್ತದೆ ಅನ್ನುವುದು ನಿಜವಾ?

ಉತ್ತರ: ಮೇಡಂ, ಸದ್ಯಕ್ಕೆ ಇಬ್ಬರ ಮಾತೂ ಬೇಡ. 3,800 ರೂಪಾಯಿ ಕೈಯಲ್ಲೇ ಇರಲಿ, ವಿಂಡೋಸ್ 10ಕ್ಕೂ ಹೋಗಬೇಡಿ. ನಿಮ್ಮ ಬ್ಯಾಟರಿಗೆ ವಯಸ್ಸಾಗಿರುವುದು ನಿಜ. ಆದರೆ ಚಾರ್ಜ್ ಎರಡು ಗಂಟೆಗೆ ಇಳಿದದ್ದಕ್ಕೆ ಕಾರಣ ಅದಲ್ಲ. ನೀವು ‘ಅದು ಹಾಗಿರಲಿ’ ಅಂತ ಬಿಟ್ಟುಬಿಟ್ಟಿರಲ್ಲ, ಆ ಬ್ರೈಟ್‌ನೆಸ್ ಕೀ, ಅದೇ ದೊಡ್ಡ ಸುಳಿವು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕನ್ನಂಬಾಡಿ ಕಟ್ಟೆಯ ಲೆಕ್ಕವನ್ನು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. 124.80 ಅಡಿ ಮುಟ್ಟಿದರೆ ಕಟ್ಟೆ ಭರ್ತಿ. ಆದರೆ ಯಾವುದೇ ಕಟ್ಟೆಯ ತಳದಲ್ಲಿ ಹೂಳು ಕೂತರೆ ಅಷ್ಟೇ ಅಡಿಗೆ ನೀರು ಕಡಿಮೆ ಇರುತ್ತದೆ. ನಾಲೆಗೆ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಅನ್ನುವುದು ಬೇರೆಯದೇ ಲೆಕ್ಕ. ಲ್ಯಾಪ್‌ಟಾಪ್‌ನಲ್ಲೂ ಇವೆರಡನ್ನು ಬೇರೆ ಬೇರೆ ನೋಡಬೇಕು. ಪರದೆಯ ಮೂಲೆಯಲ್ಲಿ ಕಾಣುವ 100% ಅಂದರೆ ಇವತ್ತಿನ ಬ್ಯಾಟರಿ ಹಿಡಿಯುವಷ್ಟು ತುಂಬಿದೆ ಅಂತ ಮಾತ್ರ. ಹೊಸದಿದ್ದಾಗ ಹಿಡಿಯುತ್ತಿದ್ದಷ್ಟು ಇದೆ ಅಂತಲ್ಲ. ಅದು ಎಷ್ಟು ಬೇಗ ಖರ್ಚಾಗುತ್ತಿದೆ ಅನ್ನುವುದನ್ನಂತೂ ಆ ಅಂಕಿ ಹೇಳುವುದೇ ಇಲ್ಲ.

ಉತ್ತರ ಬರೆಯುವ ಮೊದಲು ನಿಮ್ಮಿಂದ ಬ್ಯಾಟರಿ ರಿಪೋರ್ಟ್ ತರಿಸಿಕೊಂಡೆ. ಉಳಿದವರಿಗೂ ಉಪಯೋಗವಾಗಲಿ ಅಂತ ಅದನ್ನು ತೆಗೆಯುವ ದಾರಿ ಹೇಳುತ್ತೇನೆ. ಸ್ಟಾರ್ಟ್ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್‌ನಲ್ಲಿ ‘ಪವರ್’ ಅಂತ ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಕ್ಷರ ಸೇರಿಸಿ. ಆಮೇಲೆ ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ‘ಬ್ಯಾಟರಿರಿಪೋರ್ಟ್’ ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಫೈಲ್ ಎಲ್ಲಿ ಕೂತಿದೆ ಅಂತ ಅದೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಮೇಲ್ಗಡೆಯೇ ಎರಡು ಸಾಲು ಸಿಗುತ್ತವೆ. ಡಿಸೈನ್ ಕೆಪಾಸಿಟಿ ಅಂದರೆ ಹೊಸದರಲ್ಲಿ ಹಿಡಿಯಬೇಕಿದ್ದದ್ದು, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಹಿಡಿಯುತ್ತಿರುವುದು.

ನಿಮ್ಮದರಲ್ಲಿ ಮೊದಲನೆಯದು 41,040, ಎರಡನೆಯದು 29,550. ಎರಡೂ ಮಿಲಿವ್ಯಾಟ್ ಅವರ್ ಲೆಕ್ಕ. ಅಂದರೆ ಬ್ಯಾಟರಿ ಈಗ ಹೊಸದರ 72% ಹಿಡಿಯುತ್ತಿದೆ. ನಾಲ್ಕು ವರ್ಷ ದಾಟಿದ ಲಿಥಿಯಂ ಬ್ಯಾಟರಿಗೆ ಇದು ತೀರಾ ಸಹಜ. ಅಂಗಡಿಯವರು ಇದೇ ಅಂಕಿ ನೋಡಿ ‘ಹೋಗಿದೆ’ ಅಂದಿರಬೇಕು. ಅವರನ್ನು ಪೂರ್ತಿ ತಪ್ಪು ಅನ್ನಲಾರೆ, ಅರ್ಧ ಲೆಕ್ಕ ಮಾಡಿ ನಿಲ್ಲಿಸಿದ್ದಾರೆ ಅಷ್ಟೇ.

ಇನ್ನರ್ಧ ಹೀಗಿದೆ. 29.5 ವ್ಯಾಟ್ ಅವರ್ ಎರಡು ಗಂಟೆಗೆ ಮುಗಿಯುತ್ತಿದೆ ಅಂದರೆ ಲ್ಯಾಪ್‌ಟಾಪ್ ಸುಮಾರು 15 ವ್ಯಾಟ್ ಎಳೆಯುತ್ತಿದೆ. ಮೂರು ವಾರದ ಹಿಂದೆಯೂ ಬ್ಯಾಟರಿ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿತ್ತು, ಯಾಕೆಂದರೆ ಚೆನ್ನಾಗಿದ್ದ ಬ್ಯಾಟರಿ ಸಾಮಾನ್ಯವಾಗಿ ತಿಂಗಳೊಳಗೆ ಅರ್ಧಕ್ಕೆ ಇಳಿಯುವುದಿಲ್ಲ. ಆಗ ನಾಲ್ಕೂವರೆ ಗಂಟೆ ಬರುತ್ತಿತ್ತು. ಅಂದರೆ ಆರೂವರೆ ವ್ಯಾಟ್. ಹಿಡಿತ ಅಷ್ಟೇ ಇದೆ, ಖರ್ಚು ಎರಡರಷ್ಟಾಗಿದೆ. ಈಗ 3,800 ಕೊಟ್ಟು ಹೊಸ ಬ್ಯಾಟರಿ ಹಾಕಿಸಿದಿರಿ ಅಂದುಕೊಳ್ಳಿ. 41 ವ್ಯಾಟ್ ಅವರ್ ಅನ್ನು ಅದೇ 15 ವ್ಯಾಟ್‌ನಂತೆ ಖರ್ಚು ಮಾಡಿದರೆ ಎರಡು ಮುಕ್ಕಾಲು ಗಂಟೆ. ದುಡ್ಡು ಕೊಟ್ಟು ಮುಕ್ಕಾಲು ಗಂಟೆ ಕೊಂಡ ಹಾಗಾಯಿತು. ಅದರ ಬದಲು ಖರ್ಚನ್ನು ಏಳು ಏಳೂವರೆ ವ್ಯಾಟ್‌ಗೆ ಇಳಿಸಿದರೆ ಇದೇ ಹಳೆ ಬ್ಯಾಟರಿಯಲ್ಲಿ ನಾಲ್ಕು ಗಂಟೆ ಬರುತ್ತದೆ, ಅದೂ ಪುಕ್ಕಟೆ.

ಹಾಗಾದರೆ ಆ ಹೆಚ್ಚಿನ ಖರ್ಚು ಎಲ್ಲಿ ಹೋಗುತ್ತಿದೆ? ಇಲ್ಲಿ ಬ್ರೈಟ್‌ನೆಸ್ ಕೀ ಬರುತ್ತದೆ. ನೀವು ಕಳಿಸಿದ ಡಿವೈಸ್ ಮ್ಯಾನೇಜರ್ ಫೋಟೋದಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಅನ್ನುವ ಸಾಲಿನ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದೆ. ಅಲ್ಲಿ ಇಂಟೆಲ್ ಅಥವಾ ಎಎಂಡಿ ಹೆಸರು ಇರಬೇಕಿತ್ತು. ಅಪ್‌ಗ್ರೇಡ್ ಆಗುವಾಗ ಹಳೆಯ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಚಿತ್ರ ಮೂಡಿಸುವ ಚಿಪ್‌ನಿಂದ ಕೆಲಸ ಮಾಡಿಸುವ ಸಾಫ್ಟ್‌ವೇರ್, ಸರಿಯಾಗಿ ಕೂರದಿದ್ದರೆ ವಿಂಡೋಸ್ ತನ್ನ ಹತ್ತಿರ ಇರುವ ಈ ಸಾದಾ ಡ್ರೈವರ್ ಹಾಕಿಕೊಂಡು ಸುಮ್ಮನಾಗುತ್ತದೆ. ಪರದೆಯಲ್ಲಿ ಚಿತ್ರವೇನೋ ಬರುತ್ತದೆ. ಆದರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವೆಲ್ಲ ಪ್ರೊಸೆಸರ್ ತಲೆಯ ಮೇಲೆ ಬೀಳುತ್ತದೆ. ನೀವು ಪುಟ ಸರಿಸಿದರೂ, ಒಂದು ಯೂಟ್ಯೂಬ್ ಪಾಠ ಹಾಕಿದರೂ ಪ್ರೊಸೆಸರ್ ಏದುಸಿರು ಬಿಡಬೇಕು. ಜತೆಗೆ ಬ್ರೈಟ್‌ನೆಸ್ ಇಳಿಸಲು ಆಗುವುದಿಲ್ಲ. ಹಾಗಾಗಿ ಪರದೆ ಹಗಲೂ ರಾತ್ರಿ ಪೂರ್ತಿ ಬೆಳಕಿನಲ್ಲೇ ಉರಿಯುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಜಾಸ್ತಿ ಕರೆಂಟ್ ಕುಡಿಯುವ ಭಾಗಗಳಲ್ಲಿ ಪರದೆಯೂ ಒಂದು.

ಬ್ಯಾಗ್ ಬಿಸಿಯಾಗಿದ್ದಕ್ಕೂ ಇದೇ ಕಾರಣ. ಸ್ಟಾರ್ಟ್ ಮೆನುವಿನ ಪವರ್ ಬಟನ್ ಒತ್ತಿದರೆ ಶಟ್ ಡೌನ್, ರೀಸ್ಟಾರ್ಟ್ ಮಾತ್ರ ಕಾಣುತ್ತಿದೆ, ಸ್ಲೀಪ್ ಅನ್ನುವುದೇ ಇಲ್ಲ ಅಂತ ಎರಡನೇ ಸಲ ಬರೆದಾಗ ಹೇಳಿದಿರಿ. ಸರಿಯಾದ ಗ್ರಾಫಿಕ್ಸ್ ಡ್ರೈವರ್ ಇಲ್ಲದಿದ್ದರೆ ವಿಂಡೋಸ್‌ಗೆ ಮಲಗಲು ಬರುವುದಿಲ್ಲ. ನೀವು ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ್ದು ಎಚ್ಚರವಾಗಿದ್ದ ಲ್ಯಾಪ್‌ಟಾಪ್ ಅನ್ನು. ಗಾಳಿ ಆಡದ ಜಾಗದಲ್ಲಿ ಅದು ಚಾರ್ಜ್ ಮುಗಿಯುವ ತನಕ ಓಡಿದೆ. ಬಿಸಿಯಾಗದೆ ಇನ್ನೇನಾಗುತ್ತದೆ? ಖಚಿತ ಮಾಡಿಕೊಳ್ಳಬೇಕಿದ್ದರೆ ಮತ್ತೆ ಅದೇ ಕಮಾಂಡ್ ಕೊಡಿ, ಓರೆಗೆರೆಯ ಮುಂದೆ ಈ ಸಲ ಬರೀ ‘ಎ’ ಅಕ್ಷರ ಹಾಕಿ. ಯಾವ ಯಾವ ಸ್ಲೀಪ್ ಸ್ಥಿತಿ ಸಿಗುತ್ತಿಲ್ಲ, ಯಾಕೆ ಸಿಗುತ್ತಿಲ್ಲ ಅಂತ ತೋರಿಸುತ್ತದೆ. ಡ್ರೈವರ್ ಸರಿಯಾಗುವ ತನಕ ದಯವಿಟ್ಟು ಶಟ್ ಡೌನ್ ಮಾಡಿಯೇ ಬ್ಯಾಗಿಗೆ ಹಾಕಿ. ಇದೊಂದು ಮಾತ್ರ ಇವತ್ತಿನಿಂದಲೇ ಆಗಬೇಕು, ಬ್ಯಾಟರಿಯನ್ನು ಬೇಗ ಮುಪ್ಪಾಗಿಸುವುದು ಶಾಖವೇ.

ಮೂರು ವಾರವಾದರೂ ಆ ಡ್ರೈವರ್ ತಾನಾಗಿ ಯಾಕೆ ಬಂದಿಲ್ಲ? ಕಾರಣ ಹಾಟ್‌ಸ್ಪಾಟ್ ಇರಬೇಕು. ಮೊಬೈಲ್ ಡೇಟಾ ಉಳಿಯಲಿ ಅಂತ ಆ ಸಂಪರ್ಕವನ್ನು ಮೀಟರ್ಡ್ ಅಂತ ಗುರುತು ಮಾಡಿದ್ದರೆ ವಿಂಡೋಸ್ ಡ್ರೈವರ್‌ಗಳನ್ನು ಇಳಿಸಿಕೊಳ್ಳುವುದಿಲ್ಲ. ಪೆನ್‌ಡ್ರೈವ್‌ನಿಂದ ಹಾಕಿದ್ದರಿಂದ ಅಪ್‌ಗ್ರೇಡ್ ಸಮಯದಲ್ಲೂ ನೆಟ್ ಸಿಕ್ಕಿರಲಿಕ್ಕಿಲ್ಲ. ಕಾಲೇಜಿನದೋ ವಿಶ್ವವಿದ್ಯಾಲಯದ್ದೋ ವೈಫೈ ಸಿಗುವ ಕಡೆ, ಚಾರ್ಜರ್ ಹಾಕಿಕೊಂಡು ಕೂತು, ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಅಂತ ಹೋಗಿ ನೋಡಿ. ಅಲ್ಲಿ ಡ್ರೈವರ್ ಪಟ್ಟಿ ಇದ್ದರೆ ಡಿಸ್‌ಪ್ಲೇಗೆ ಸಂಬಂಧಿಸಿದ್ದನ್ನು ಹಾಕಿಕೊಳ್ಳಿ. ಅಲ್ಲಿ ಸಿಗದಿದ್ದರೆ, ಲ್ಯಾಪ್‌ಟಾಪ್ ಕೆಳಗಿನ ಸ್ಟಿಕರ್‌ನಲ್ಲಿರುವ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ. ಗ್ರಾಫಿಕ್ಸ್ ಡ್ರೈವರ್ ಜತೆ ಚಿಪ್‌ಸೆಟ್ ಡ್ರೈವರ್ ಕೂಡ ಹಾಕಿ. ಪ್ರೊಸೆಸರ್ ಕೆಲಸವಿಲ್ಲದಾಗ ತೆಪ್ಪಗಿರುವಂತೆ ನೋಡಿಕೊಳ್ಳುವುದರಲ್ಲಿ ಅದರ ಪಾಲೂ ಇದೆ.

‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್’ ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ. ನಮ್ಮಲ್ಲಿಗೆ ಬರುವ ಕೆಟ್ಟುಹೋದ ವಿಂಡೋಸ್‌ಗಳಲ್ಲಿ ಎಷ್ಟೋ ಇವುಗಳ ಕೃಪೆ.

ಕಂಪನಿಯ ಪುಟದಲ್ಲಿ ಬಯೋಸ್ (ವಿಂಡೋಸ್‌ಗೂ ಮೊದಲು ಎದ್ದು ಲ್ಯಾಪ್‌ಟಾಪ್ ಶುರುಮಾಡಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಕಾಣಬಹುದು. ಈ ತೊಂದರೆಗೆ ಅದು ಬೇಕಾಗಿಲ್ಲ, ಬಿಟ್ಟುಬಿಡಿ. ಅದು ನಡೆಯುತ್ತಿರುವಾಗ ಕರೆಂಟ್ ಹೋಗಿ, ಇತ್ತ ಬ್ಯಾಟರಿಯಲ್ಲೂ ಚಾರ್ಜ್ ಇಲ್ಲದಿದ್ದರೆ ಮದರ್‌ಬೋರ್ಡೇ ಏಳದೆ ಹೋಗಬಹುದು. ಚೆಸ್ಕಾಂ ಕರೆಂಟ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಲ್ವಾ? ಮಾಡಲೇಬೇಕಾದವರು ಬ್ಯಾಟರಿ ಚೆನ್ನಾಗಿ ತುಂಬಿದ್ದಾಗ, ಚಾರ್ಜರ್ ಹಾಕಿಕೊಂಡು ಮಾಡಿ. ಅದಕ್ಕೂ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯೋಸ್ ಬದಲಾದ ಕೂಡಲೇ ಅದು 48 ಅಂಕಿಗಳ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಆ ಕೀ ಅಕೌಂಟ್‌ನಲ್ಲೇ ಇರುತ್ತದೆ. ಎಲ್ಲೂ ಇಲ್ಲದಿದ್ದರೆ ನಿಮ್ಮ ಪಿಎಚ್.ಡಿ. ಅಧ್ಯಾಯಗಳು ಒಳಗೇ ಉಳಿಯುತ್ತವೆ, ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಇನ್ನು ಅಕ್ಕನ ಮಗನ ಮಾತು. ‘ವಿಂಡೋಸ್ 11 ಬ್ಯಾಟರಿ ತಿನ್ನುತ್ತೆ’ ಅನ್ನುವುದರಲ್ಲಿ ಒಂದು ಎಳೆ ನಿಜ ಇದೆ. ಯಾವುದೇ ದೊಡ್ಡ ಅಪ್‌ಗ್ರೇಡ್ ಆದ ಮೊದಲ ಕೆಲವು ದಿನ ಬ್ಯಾಟರಿ ಬೇಗ ಇಳಿಯುತ್ತದೆ. ಹುಡುಕಾಟಕ್ಕೆಂದು ಎಲ್ಲ ಫೈಲ್‌ಗಳ ಸೂಚಿ ಹೊಸದಾಗಿ ತಯಾರಾಗುತ್ತಿರುತ್ತದೆ, ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ತಪಾಸಣೆ ಮಾಡುತ್ತಿರುತ್ತದೆ, ಬಾಕಿ ಅಪ್‌ಡೇಟ್‌ಗಳು ಇಳಿಯುತ್ತಿರುತ್ತವೆ. ಆಪಲ್‌ನ ಮ್ಯಾಕ್‌ನಲ್ಲೂ ಹೀಗೇ. ಇದು ಕೆಲವು ದಿನದ ಮಾತು, ಮೂರು ವಾರ ಎಳೆಯುವುದಿಲ್ಲ. ಸಾಫ್ಟ್‌ವೇರ್ ಬದಲಾಯಿತು ಅಂತ ಬ್ಯಾಟರಿಯೊಳಗಿನ ರಸಾಯನವೇನೂ ಬದಲಾಗುವುದಿಲ್ಲ. ಅದು ಬ್ಯಾಟರಿಯಿಂದ ಜಾಸ್ತಿ ಎಳೆಯಬಹುದು ಅಷ್ಟೇ.

ಒಂದಂತೂ ನೋಡಿಕೊಳ್ಳಿ. ಹೊಸ ವಿಂಡೋಸ್ ಸೆಟಪ್ ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಫೋಲ್ಡರ್‌ಗಳನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಹಾಕಲು ಕೇಳುತ್ತದೆ, ಎಲ್ಲರೂ ನೆಕ್ಸ್ಟ್ ನೆಕ್ಸ್ಟ್ ಒತ್ತಿರುತ್ತಾರೆ. ಪುಕ್ಕಟೆ ಸಿಗುವುದು 5 ಜಿಬಿ. ರೈಲಿನಲ್ಲಿ ಹಾಟ್‌ಸ್ಪಾಟ್ ಬಿಟ್ಟು ಬಿಟ್ಟು ಬರುತ್ತಿರುವಾಗ ಅದು ಕಳಿಸಲು ಹೋಗಿ ನಿಂತು, ಮತ್ತೆ ಶುರುಮಾಡಿ, ಮತ್ತೆ ನಿಲ್ಲುತ್ತದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಬ್ಯಾಟರಿಯೂ ಹೋಯಿತು, ಡೇಟಾನೂ ಹೋಯಿತು. ಕೆಳಗಿನ ಮೂಲೆಯಲ್ಲಿರುವ ಮೋಡದ ಗುರುತು ಒತ್ತಿ, ಪ್ರಯಾಣದ ಹೊತ್ತಿಗೆ ಅದನ್ನು ತಡೆಹಿಡಿಯಬಹುದು.

ಡ್ರೈವರ್ ಸರಿಯಾದ ಮೇಲೂ ನಾಲ್ಕು ಗಂಟೆ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ ಅಂತ ಹೋಗಿ. ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲೇ ಪವರ್ ಮೋಡ್ ಕೂಡ ಇದೆ. ಬ್ಯಾಟರಿಯಲ್ಲಿದ್ದಾಗ ಅದು ‘ಬೆಸ್ಟ್ ಪರ್ಫಾರ್ಮೆನ್ಸ್’ನಲ್ಲಿ ಇರಕೂಡದು. 120 ಅಥವಾ 144 ಹರ್ಟ್ಜ್ ಪರದೆ ಇರುವವರು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ಕ್ಕೆ ಇಳಿಸಿದರೂ ಒಂದಿಷ್ಟು ಉಳಿತಾಯ.

ವಾಪಸ್ 10ಕ್ಕೆ ಹೋಗುವುದು ಯಾಕೆ ಬೇಡ ಅಂದೆ? ಅಪ್‌ಗ್ರೇಡ್ ಆದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಇರುತ್ತದೆ, ಫೈಲ್‌ಗಳಿಗೆ ಏನೂ ಆಗದೆ ಹಳೆಯದು ಬರುತ್ತದೆ. ಆ ಗಡುವು ನಿಮಗೆ ದಾಟಿದೆ. ಈಗ ಹೋಗಬೇಕೆಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಅಷ್ಟು ಮಾಡಿದರೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಆಮೇಲೆ ಒಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಮಾತ್ರ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪ್‌ಗೆ ಇದು ಒಳ್ಳೆ ದಾರಿಯಲ್ಲ. ಒಂದು ಡ್ರೈವರ್‌ಗೋಸ್ಕರ ಇಷ್ಟೆಲ್ಲ ಯಾಕೆ ಹೇಳಿ?

ಬ್ಯಾಟರಿ ಎಂದಾದರೂ ಬದಲಿಸಲೇಬೇಕಲ್ಲ, ಯಾವಾಗ? ನನ್ನ ಲೆಕ್ಕ ಇಷ್ಟು. ಹಿಡಿತ ಹೊಸದರ ಅರ್ಧದ ಹತ್ತಿರ ಬಂದಾಗ, ಅಥವಾ 30%, 40% ತೋರಿಸುತ್ತಿದ್ದ ಲ್ಯಾಪ್‌ಟಾಪ್ ದಿಢೀರ್ ಅಂತ ಆಫ್ ಆಗಲು ಶುರುವಾದಾಗ. ಮೂರನೆಯ ಸಂದರ್ಭದಲ್ಲಿ ಯೋಚಿಸುವಂತೆಯೇ ಇಲ್ಲ, ಬ್ಯಾಟರಿ ಊದಿಕೊಂಡಾಗ. ಸಪಾಟು ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ, ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುವುದಿಲ್ಲ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಆಫ್ ಮಾಡಿ, ಚಾರ್ಜರ್ ತೆಗೆದು ಸರ್ವಿಸ್‌ನವರ ಹತ್ತಿರ ಒಯ್ಯಿರಿ. ನೀವೇ ಸ್ಕ್ರೂ ಬಿಚ್ಚಿ ಒತ್ತಲು, ಚುಚ್ಚಲು ಹೋಗಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಬ್ಯಾಗಿನಲ್ಲಿ ಹಾಗೆ ಕಾದ ನಿಮ್ಮ ಲ್ಯಾಪ್‌ಟಾಪ್ ಅನ್ನು ಈಗಲೇ ಒಮ್ಮೆ ಮೇಜಿನ ಮೇಲಿಟ್ಟು ನೋಡಿಬಿಡಿ.

ಬದಲಿಸುವ ದಿನ ಬಂದಾಗ ಸಾಧ್ಯವಾದರೆ ಕಂಪನಿಯದೇ ಹಾಕಿಸಿ. ‘ಕಂಪ್ಯಾಟಿಬಲ್’ ಬ್ಯಾಟರಿಗಳೆಲ್ಲ ಕೆಟ್ಟವಲ್ಲ, ಆದರೆ ಅದೃಷ್ಟದ ಆಟ. ಕಡೇಪಕ್ಷ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಐಎಸ್ 16046 ಅನ್ನುವ ಸಂಖ್ಯೆ, ತಯಾರಾದ ತಿಂಗಳು ನೋಡಿ. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಬ್ಯಾಟರಿ ಬಳಸದಿದ್ದರೂ ಹಳತೇ. ಹಾಕಿಸಿಕೊಂಡ ಮೇಲೆ ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಸೈಕಲ್ ಕೌಂಟ್ (ಬ್ಯಾಟರಿ ಎಷ್ಟು ಸಲ ತುಂಬಿ ಖಾಲಿಯಾಗಿದೆ ಅನ್ನುವ ಲೆಕ್ಕ) ಬೆರಳೆಣಿಕೆಯಷ್ಟಿರಬೇಕು, ಎರಡು ಕೆಪಾಸಿಟಿಗಳೂ ಹತ್ತಿರ ಹತ್ತಿರ ಇರಬೇಕು. ಅಗ್ಗದ ಬ್ಯಾಟರಿಗಳಲ್ಲಿ ಈ ಅಂಕಿಗಳೇ ಸುಳ್ಳು ಹೇಳುವುದುಂಟು. ಹಾಗಾಗಿ ಬಿಲ್ಲು ಇಟ್ಟುಕೊಂಡು, ಮೊದಲ ವಾರದಲ್ಲೇ ಒಂದು ಗಂಟೆ ಬಳಸಿ ಎಷ್ಟು ಶೇಕಡಾ ಇಳಿಯಿತು ಅಂತ ಪರೀಕ್ಷಿಸಿ.

ಸ್ಲೀಪ್ ವಾಪಸ್ ಬಂದ ಮೇಲೂ ರೈಲಿನ ದಿನಗಳಿಗೆ ಹೈಬರ್ನೇಟ್ ಒಳ್ಳೆಯದು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಲೀಪ್ ಅಂದರೆ ಅರೆನಿದ್ದೆ. ಒಳಗಿಂದೊಳಗೆ ಮೇಲ್, ಅಪ್‌ಡೇಟ್ ನೋಡಿಕೊಳ್ಳುತ್ತಿರುತ್ತದೆ. ಹೈಬರ್ನೇಟ್‌ನಲ್ಲಿ ತೆರೆದ ಕೆಲಸವೆಲ್ಲ ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವ ಕಡೆ ಅದನ್ನು ಆರಿಸಿ. ತೆರೆಯುವಾಗ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಕೊನೆಯ ಪ್ರಶ್ನೆ, ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಬಹುದಾ? ಮಾಡಬಹುದು. ತುಂಬಿದ ಮೇಲೆ ಚಾರ್ಜ್ ತಾನೇ ನಿಲ್ಲುತ್ತದೆ, ‘ಓವರ್‌ಚಾರ್ಜ್’ ಅನ್ನುವುದು ಹಳೇ ಕಾಲದ ಭಯ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಬೇಕು ಅನ್ನುವುದೂ ಹಳೆಯ ನಿಕಲ್ ಬ್ಯಾಟರಿಗಳ ನಿಯಮ, ಲಿಥಿಯಂಗೆ ಅದರಿಂದ ಕೆಡುಕೇ ಜಾಸ್ತಿ. ಪೆಟ್ಟು ಬೀಳುವುದು ದಿನವಿಡೀ 100%ನಲ್ಲೇ, ಅದೂ ಬಿಸಿಯಲ್ಲಿ ಕೂತಾಗ. ಅದಕ್ಕೇ ಬಹುತೇಕ ಕಂಪನಿಗಳು ತಮ್ಮ ಆ್ಯಪ್‌ನಲ್ಲೋ ಬಯೋಸ್‌ನಲ್ಲೋ ಚಾರ್ಜ್ 80%ಗೆ ನಿಲ್ಲಿಸುವ ಅನುಕೂಲ ಕೊಟ್ಟಿವೆ. ಲೆನೊವೊ ವ್ಯಾಂಟೇಜ್, ಮೈಏಸಸ್ ಮೊದಲಾದವುಗಳಲ್ಲಿ ಇಂಥದ್ದು ಇದೆ. ಕಾಲೇಜು, ಮನೆ ಅಂತ ಇರುವ ದಿನ ಅದನ್ನು ಆನ್ ಮಾಡಿಟ್ಟು, ಮೈಸೂರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಆಫ್ ಮಾಡಿ ಪೂರ್ತಿ ತುಂಬಿಸಿಕೊಳ್ಳಿ. ಹಾಸಿಗೆ, ದಿಂಬಿನ ಮೇಲಿಟ್ಟು ಚಾರ್ಜ್ ಮಾಡಬೇಡಿ, ಗಾಳಿ ಹೋಗುವ ಕಿಂಡಿಗಳು ಕೆಳಗಿರುತ್ತವೆ.

ಡ್ರೈವರ್ ಕೆಲಸ ನಿಮ್ಮಿಂದ ಆಗದಿದ್ದರೆ ಅದೇ ಅಂಗಡಿಗೆ ಹೋಗಿ, ‘ಬ್ಯಾಟರಿ ಆಮೇಲೆ ನೋಡೋಣ, ಮೊದಲು ಕಂಪನಿಯ ಪುಟದಿಂದ ಗ್ರಾಫಿಕ್ಸ್, ಚಿಪ್‌ಸೆಟ್ ಡ್ರೈವರ್ ಹಾಕಿಕೊಡಿ’ ಅನ್ನಿ. ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತದಾ, ಪವರ್ ಬಟನ್‌ನಲ್ಲಿ ಸ್ಲೀಪ್ ಬಂತಾ ಅಂತ ಅಲ್ಲೇ ನೋಡಿಕೊಂಡು ದುಡ್ಡು ಕೊಡಿ.